ಮನೇಲಿ ಗಟ್ಟಿಯಾಗಿ ಹಾಡೋ ಹುಡುಗಿ ಪಾಠಕ್ಕೆ ಬಂದ್ರೆ ಪಿಸುಗುಡ್ತಾಳೆ, ಏನ್ ಮಾಡ್ಲಿ?

ಸರಳೆ_ಜಂಟಿ, ಮೈಸೂರು

ಎಲ್ರಿಗೂ ನಮಸ್ಕಾರ. ನಾನು ಮನೇಲೇ ಸಂಗೀತ ಪಾಠ ಹೇಳ್ಕೊಡ್ತೀನಿ, ಕರ್ನಾಟಕ ಸಂಗೀತ, ಹಾಡುಗಾರಿಕೆ. ಬರೋರು ಹೆಚ್ಚಾಗಿ ಚಿಕ್ಕ ಮಕ್ಕಳೇ, ಮೊದಲ ಸ್ವರಾಭ್ಯಾಸ ಸರಳೆ ವರಸೆಯಿಂದ ಹಿಡಿದು ಮೊದಲ ಹಾಡುಗಳಾದ ಪಿಳ್ಳಾರಿ ಗೀತೆವರೆಗೆ, ಒಂದಿಬ್ರು ಜೂನಿಯರ್ ಪರೀಕ್ಷೆಗೆ ತಯಾರಿ ಮಾಡ್ತಿದಾರೆ.

ತಲೆನೋವಾಗಿರೋದು ಒಂಬತ್ತು ವರ್ಷದ ಒಬ್ಬ ಹುಡುಗಿ. ಅವರಮ್ಮ ಆಗಾಗ ವಾಟ್ಸಾಪಲ್ಲಿ ವಿಡಿಯೋ ಕಳಿಸ್ತಾರೆ, ಅಡುಗೆಮನೆ ಕಟ್ಟೆ ಮೇಲೆ ಕೂತು ಕಾಲು ಅಲ್ಲಾಡಿಸ್ಕೊಂಡು ಜಂಟಿ ವರಸೆ (ಒಂದೊಂದು ಸ್ವರ ಎರಡೆರಡು ಸಲ ಬರೋ ಪಾಠ) ಹೇಳ್ತಿರೋದು, ಏನ್ ಧ್ವನಿ ಅಂತೀರಾ, ಕುಕ್ಕರ್ ವಿಷಲ್ ಮೇಲೂ ಕೇಳ್ಸುತ್ತೆ. ಅದೇ ಹುಡುಗಿ ನಮ್ಮನೆ ಚಾಪೆ ಮೇಲೆ ಕೂತ್ರೆ ಮುಗೀತು, ಷಡ್ಜನೇ, ಅಂದ್ರೆ ಮೊದಲನೇ ಸ್ವರ ‘ಸ’ನೇ, ಹೊರಗೆ ಬರಲ್ಲ, ಬಂದ್ರೂ ಬರೀ ಗಾಳಿ. ಮೇಲೆ ಮೇಲೆ ಹೋದ್ರೆ ಸ್ವಲ್ಪ ಧ್ವನಿ ಕೇಳುತ್ತೆ, ಇಳಿಯೋವಾಗ ಮತ್ತೆ ಮಾಯ. ನಾನು ಬೈಯೋಳಲ್ಲ, ನಮ್ಮನೇಲಿ ಹೊಡೆಯೋ ಬಡಿಯೋ ಪದ್ಧತಿ ಇಲ್ಲ. ಸ್ಟಿಕ್ಕರ್ ಕೊಟ್ಟೆ, ಕಲ್ಲುಸಕ್ಕರೆ ಕೊಟ್ಟೆ, ‘ತುಂಬಾ ಚೆನ್ನಾಗಿದೆ ಪುಟ್ಟ’ ಅಂತ ಹೊಗಳಿದೆ, ಹೊಗಳಿದ್ರೆ ಇನ್ನೂ ತಲೆ ತಗ್ಗಿಸ್ತಾಳೆ. ಪಾಠ ನಡೆಯೋದು ಹಾಲಲ್ಲಿ, ಮುಂದಿನ ಬ್ಯಾಚಿನ ಮಕ್ಕಳು ಅಲ್ಲೇ ಕಾಯ್ತಿರ್ತಾರೆ, ಅಪ್ಪ ಅಮ್ಮಂದಿರು ಸೋಫಾ ಮೇಲೆ ಕೂತಿರ್ತಾರೆ. ಎಲ್ರೂ ಪಾಪ ಒಳ್ಳೆಯವರೇ.

ಇನ್ನೊಬ್ಬ ಹುಡುಗ ಇದಾನೆ, ಎಂಟನೇ ಕ್ಲಾಸು. ಮೊನ್ನೆಮೊನ್ನೆವರೆಗೂ ಸೊಗಸಾಗಿ ಹಾಡ್ತಿದ್ದ, ಈಗ ತಾರ ಷಡ್ಜ, ಅಂದ್ರೆ ಮೇಲಿನ ಸ, ಹತ್ರ ಬರ್ತಿದ್ದಂಗೆ ಕೆಮ್ಮು ಬಂದ ಹಾಗೆ ಮಾಡಿ ನಿಲ್ಲಿಸ್ತಾನೆ. ಇಂಟರೆಸ್ಟ್ ಹೋಗಿದೆ, ಮೊಬೈಲ್ ಜಾಸ್ತಿ ಆಗಿದೆ ಅಂತಾರೆ ಅವರಪ್ಪ.

ಮಕ್ಕಳು ಹೆದರದೆ ಬಾಯಿ ಬಿಟ್ಟು ಹಾಡೋ ವಾತಾವರಣ ಹೇಗೆ ಮಾಡೋದು? ಪಾಠ ಮಾಡಿ ಅನುಭವ ಇರೋರು ಹೇಳಿ ಪ್ಲೀಸ್.

ವೀಣೆಮನೆ, ಶಿವಮೊಗ್ಗ

ಮೊದಲು ಆ ಸೋಫಾ ಖಾಲಿ ಮಾಡಿಸಿ ಮೇಡಂ. ಒಳ್ಳೆಯವರೇ ಇರಬಹುದು, ಆದ್ರೆ ಒಂಬತ್ತು ವರ್ಷದ ಮಗುಗೆ ಅದು ಪಾಠ ಅಲ್ಲ, ದಿನಾ ಕಛೇರಿ. ಕಾಯ್ತಾ ಇರೋ ಮಕ್ಕಳು ನಗದೇ ಇದ್ರೂ ನಕ್ಕಂಗೇ ಲೆಕ್ಕ. ನಮ್ಮನೇಲಿ ಅಪ್ಪ ಅಮ್ಮಂದಿರಿಗೆ ಜಗಲಿ ಮೇಲೆ ಕುರ್ಚಿ ಹಾಕಿದೀನಿ, ಬಾಗಿಲು ಮಾತ್ರ ಪೂರ್ತಿ ತೆಗೆದಿರುತ್ತೆ. ಪಾಠ ಅವರ ಕಿವಿಗೆ ಬೀಳ್ಬೇಕು, ಅವರ ಮುಖ ಮಗುಗೆ ಕಾಣಬಾರ್ದು, ಅಷ್ಟೇ ನನ್ನ ರೂಲು. ಬಾಗಿಲು ತೆಗೆದಿಡೋದು ನಮಗೂ ಒಳ್ಳೇದು ಮಗುಗೂ ಒಳ್ಳೇದು, ಬೇರೆಯವರ ಮಗು ಒಬ್ಬಂಟಿಯಾಗಿ ನಮ್ಮನೇಲಿ ಕೂತಿರುತ್ತೆ ಅನ್ನೋದು ಮರೀಬಾರ್ದು ನೋಡಿ. ವೀಣೆ ಪಾಠದಲ್ಲಿ ಬೆರಳು ಹಿಡಿದು ಮೆಟ್ಟಿನ ಮೇಲೆ ಇಡಿಸ್ಬೇಕಾಗುತ್ತೆ, ಅದಕ್ಕೂ ‘ಕೈ ಹಿಡೀಲಾ’ ಅಂತ ಕೇಳೇ ಹಿಡಿಯೋದು.

ಇನ್ನೊಂದು ವಿಷ್ಯ, ನಾನು ಹಾಡುಗಾರಿಕೆನೂ ಸ್ವಲ್ಪ ಹೇಳ್ಕೊಡ್ತೀನಿ, ಅಲ್ಲಿ ಗಮನಿಸಿರೋದು. ವೀಣೆಯಲ್ಲಿ ತಪ್ಪು ಮೆಟ್ಟು ಒತ್ತಿದ್ರೆ ಬೆರಳು ತಪ್ಪಿತು ಅಂತ ಮಕ್ಕಳು ನಗ್ತಾರೆ, ಮತ್ತೆ ನುಡಿಸ್ತಾರೆ. ಹಾಡೋವಾಗ ತಪ್ಪಾಯ್ತು ಅಂದ್ರೆ ತನ್ನ ಗಂಟಲೇ ಸರಿಯಿಲ್ಲ ಅನ್ಕೊಂಡುಬಿಡ್ತಾರೆ. ಅದಕ್ಕೇ ಹಾಡೋ ಮಕ್ಕಳಿಗೆ ‘ಅಪಶ್ರುತಿ’ ಅಂತ ನಾನು ಹೇಳೋದೇ ಇಲ್ಲ. ಯಾವ ಸ್ವರ, ಎತ್ಲಾಗೆ ಹೋಯ್ತು, ಅದಷ್ಟೇ ಹೇಳ್ತೀನಿ. ಮೊದಲ ಪಾಠಗಳ ರಾಗ ಮಾಯಾಮಾಳವಗೌಳದಲ್ಲಿ ನೂರಕ್ಕೆ ತೊಂಬತ್ತು ಸಲ ಎಡವೋದು ರಿ ಮತ್ತೆ ದ, ಎರಡೂ ಶುದ್ಧ, ಅಂದ್ರೆ ತಗ್ಗಿನ ಸ್ವರ, ಒಂದು ಷಡ್ಜಕ್ಕೆ ಅಂಟಿಕೊಂಡಿರುತ್ತೆ ಇನ್ನೊಂದು ಪಂಚಮಕ್ಕೆ, ಮಕ್ಕಳ ಕಿವಿ ಸಿನಿಮಾ ಹಾಡು ಕೇಳಿ ಕೇಳಿ ಮೇಲಿನ ರಿಷಭಕ್ಕೆ ಹೊಂದಿಕೊಂಡಿರುತ್ತೆ. ‘ಧೈವತ ಪಂಚಮದ ಪಕ್ಕದಲ್ಲೇ ಕೂರ್ಲಿ, ದೂರ ಹೋಯ್ತು’ ಅಂದ್ರೆ ಮಗುಗೆ ಏನ್ ಮಾಡ್ಬೇಕು ಅಂತ ಗೊತ್ತಾಗುತ್ತೆ. ‘ಸರಿ ಇಲ್ಲ, ಇನ್ನೊಂದ್ಸಲ’ ಅಂದ್ರೆ ಅದೇ ತಪ್ಪನ್ನ ಇನ್ನೂ ಸಣ್ಣ ಧ್ವನಿಯಲ್ಲಿ ಮಾಡುತ್ತೆ. ತಪ್ಪು ಬಂದ ತಕ್ಷಣ ಕೈ ಎತ್ತಿ ನಿಲ್ಲಿಸ್ಬೇಡಿ, ಆವರ್ತ, ಅಂದ್ರೆ ತಾಳದ ಒಂದು ಸುತ್ತು, ಮುಗೀಲಿ, ಸಮಕ್ಕೆ (ತಾಳ ಶುರುವಾಗೋ ಜಾಗಕ್ಕೆ) ಬಂದ್ಮೇಲೆ ಹೇಳಿ, ಒಂದು ಸಲಕ್ಕೆ ಒಂದೇ ತಪ್ಪು. ಉಳಿದ ತಪ್ಪುಗಳು ನಾಳೆಗೂ ಇರ್ತವೆ, ಎಲ್ಲೂ ಓಡಿಹೋಗಲ್ಲ.

ಹಳೇತಂಬೂರಿ

ಎಲ್ಲರೂ ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು. ನಾನು ಕಲಿತ ಕಾಲದಲ್ಲಿ ಮೇಷ್ಟ್ರು ಒಂದು ಸರಳೆ ಮೂರೂ ಕಾಲದಲ್ಲಿ (ವೇಗದಲ್ಲಿ) ನಿಲ್ಲೋವರೆಗೆ ಮುಂದಿನ ಸರಳೆ ಹೇಳ್ತಿರಲಿಲ್ಲ, ಒಂದು ಮಳೆಗಾಲ ಪೂರ್ತಿ ಹೋದ್ರೂ ಸರಿ. ಹೆದರಿಕೆ ಇತ್ತು, ಹೌದು, ಆದ್ರೆ ಶ್ರುತಿ ನಿಂತಿತ್ತು. ಈಗಿನ ಪಾಠಗಳಲ್ಲಿ ಮೂರನೇ ತಿಂಗಳಿಗೆ ಗೀತೆ, ಆರನೇ ತಿಂಗಳಿಗೆ ದೇವರನಾಮ, ವರ್ಷಕ್ಕೆ ಯೂಟ್ಯೂಬು. ಎಲ್ಲದಕ್ಕೂ ಸೂಪರ್ ಅನ್ನೋದು. ಮಗುಗೆ ತಾನು ಹಾಡಿದ್ದು ಚೆನ್ನಾಗಿಲ್ಲ ಅಂತ ಒಳಗೆ ಗೊತ್ತಿರುತ್ತೆ ಸ್ವಾಮಿ, ಅಂಥ ಹೊತ್ತಲ್ಲಿ ಟೀಚರು ಚೆನ್ನಾಗಿದೆ ಅಂದ್ರೆ ಆ ಟೀಚರ ಮಾತಿನ ಮೇಲೇ ನಂಬಿಕೆ ಹೋಗುತ್ತೆ. ಅವಳು ತಲೆ ತಗ್ಗಿಸೋದು ಅದಕ್ಕೇ ಇರಬಹುದು, ಯೋಚನೆ ಮಾಡಿ.

ವೀಣೆಮನೆ, ಶಿವಮೊಗ್ಗ

ಸುಳ್ಳು ಹೊಗಳಿಕೆ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ಒಪ್ತೀನಿ ಸರ್. ಹೆದರಿಕೆಯಿಂದ ಶ್ರುತಿ ನಿಂತಿತು ಅನ್ನೋದನ್ನ ಒಪ್ಪಲ್ಲ. ನಿಮ್ಮ ಜೊತೆ ಪಾಠಕ್ಕೆ ಸೇರಿ ಅರ್ಧಕ್ಕೇ ಬಿಟ್ಟುಹೋದವರೂ ಇರ್ತಾರಲ್ಲ, ಅವರನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಪೆಟ್ಟಿಗೆ_ಮಾಸ್ತರ, ಧಾರವಾಡ

ಅಕ್ಕಾರ, ನಾ ಹಿಂದೂಸ್ತಾನಿ ಮಂದಿ, ಪೆಟ್ಟಿಗೆ, ಅಂದ್ರ ಹಾರ್ಮೋನಿಯಂ, ನುಡಸ್ತೀನಿ, ನಿಮ್ಮ ಸರಳಿ ಜಂಟಿ ನನಗ ಅಷ್ಟ ತಿಳಿಯೂದಿಲ್ಲ. ಆದ್ರ ಒಂದ ಮಾತು ಕೇಳತೀನಿ. ಆ ಹುಡುಗಿ ಮನ್ಯಾಗ ಹಾಡೂ ವಿಡಿಯೋದಾಗ ಯಾವ ಪಟ್ಟಿ, ಅಂದ್ರ ಶ್ರುತಿ, ಹಿಡದಾಳ? ಮತ್ತ ನಿಮ್ಮ ಮುಂದ ಕುಂತಾಗ ಯಾವ ಪಟ್ಟಿ? ನೀವ ಬರದಿದ್ರೊಳಗ ಐತಿ ನೋಡ್ರಿ, ಮ್ಯಾಲೆ ಹ್ವಾದ್ರ ದನಿ ಕೇಳತೈತಿ, ಕೆಳಗ ಬಂದ್ರ ಗಾಳಿ. ಅಂಜಿಕಿ ಇದ್ರ ಮ್ಯಾಲೂ ಬರಬಾರದು ಕೆಳಗೂ ಬರಬಾರದು. ಅರ್ಧಾ ದನಿಗಷ್ಟ ಅಂಜಿಕಿ ಹೆಂಗ ಬರತೈತ್ರಿ? ಇದು ಪಟ್ಟಿ ತಪ್ಪಿದ್ದರಂಗ ಕಾಣ್ತದ ನನಗ.

ಸಣ್ಣ ಹುಡುಗೂರ ಗಂಟಲದಾಗ ಖರ್ಜ, ಅಂದ್ರ ತಗ್ಗಿನ ದನಿ, ಇರೂದಿಲ್ರಿ. ದೊಡ್ಡ ಹೆಣ್ಣಮಕ್ಕಳ ಪಟ್ಟಿಗೆ ಅವರನ್ನ ಕುಂಡ್ರಿಸಿದ್ರ ಸಾ ಅನ್ನೂದ ಅವರಿಗೆ ಬಾವಿ ತಳದಾಗ ಇದ್ದಂಗ. ವಿಡಿಯೋ ಹಚ್ಚಿ, ಪೆಟ್ಟಿಗಿ ಇಲ್ಲಾ ಫೋನಿನ್ಯಾಗಿನ ತಂಬೂರಿ ಇಟಗೊಂಡು ತಾಳೆ ಮಾಡಿ ನೋಡ್ರಿ.

ಇನ್ನ ಆ ಎಂಟನೇತ್ತಾ ಹುಡುಗ, ಅಂವಗೇನೂ ಇಂಟರೆಸ್ಟ್ ಹೋಗಿಲ್ಲ, ದನಿ ಒಡ್ಯಾಕತ್ತೈತಿ ಅಷ್ಟ. ಹೇಳಾಕ ನಾಚಿಕಿ, ಅದಕ್ಕ ಕೆಮ್ಮತಾನ. ನಮ್ಮ ಕಡೆ ಗಂಗೂಬಾಯಿ ಹಾನಗಲ್ ಅವರ ಕತಿ ಎಲ್ಲಾರಿಗೂ ಗೊತ್ತದ. ವಯಸ್ಸಿನ್ಯಾಗ ಅವರದು ತೆಳು ದನಿ, ಹಳೇ ಗ್ರಾಮಾಫೋನ್ ಪ್ಲೇಟಿನ್ಯಾಗ ಅದ ಕೇಳತೈತಿ. ಗಂಟಲಕ್ಕ ಟಾನ್ಸಿಲ್ ಚಿಕಿತ್ಸಾ ಆದ ಮ್ಯಾಲೆ ದನಿ ಭಾರಿ ಆತು, ಗಂಡು ದನಿ ಅಂದ್ರು ಮಂದಿ. ಅದ ದನಿ ಇಟಗೊಂಡ ಕಿರಾಣಾ ಘರಾಣಾದಾಗ (ಹಾಡುಗಾರಿಕಿ ಪರಂಪರಾದಾಗ) ಆ ಎತ್ತರಕ್ಕ ಹ್ವಾದ್ರು, 2002ರಾಗ ಪದ್ಮವಿಭೂಷಣ ಬಂತು. ದನಿ ಬದಲಾಗೂದಂದ್ರ ದನಿ ಹೋತು ಅಂತಲ್ಲ. ಇದನ್ನ ಆ ಹುಡುಗಗ ಯಾರರೆ ಬಾಯಿ ಬಿಟ್ಟು ಹೇಳೀರೇನು? ಕೆಮ್ಮೂ ಹುಡುಗೂರಿಗೆ ಅದೊಂದು ಮಾತು ಸಾಕಾಗತದ ಒಮ್ಮೊಮ್ಮೆ.

ಸರಳೆ_ಜಂಟಿ, ಮೈಸೂರು

ಧಾರವಾಡದ ಮಾಸ್ತರಿಗೆ ದೊಡ್ಡ ನಮಸ್ಕಾರ. ಈಗಷ್ಟೇ ವಿಡಿಯೋಗಳನ್ನೆಲ್ಲ ಹಾಕಿ ತಂಬೂರಿ ಆ್ಯಪ್ ಜೊತೆ ನೋಡಿದೆ. ನನ್ನ ಶ್ರುತಿ ನಾಲ್ಕೂವರೆ (ನಂಬರ್ ಜಾಸ್ತಿ ಆದಷ್ಟೂ ಷಡ್ಜ ಎತ್ತರ), ಪಾಠಕ್ಕೂ ಅದೇ ಇಡ್ತೀನಿ. ಅವಳು ಮನೇಲಿ ಶ್ರುತಿ ಗಿತಿ ಏನೂ ಇಲ್ಲದೆ ತಾನಾಗೇ ಹಾಡ್ತಿರೋದು ಹತ್ರಹತ್ರ ಆರೂವರೆ. ಅಂದ್ರೆ ನನ್ನ ಅಂತರ ಗಾಂಧಾರ, ಅಂದ್ರೆ ಗ, ಇರೋ ಜಾಗದಲ್ಲಿ ಅವಳ ಷಡ್ಜ ಇದೆ!! ನನ್ನ ಮುಂದೆ ಕೂತಾಗ ಸ ರಿ ಎರಡೂ ಅವಳ ಗಂಟಲಿಗೆ ಸಿಗದ ಜಾಗದಲ್ಲಿ, ಪಿಸುಗುಡದೆ ಇನ್ನೇನ್ ಮಾಡ್ತಾಳೆ. ಈಗ ಪ್ರಶ್ನೆ ಏನಂದ್ರೆ ಆರೂವರೆಗೆ ನಾನು ಹಾಡಿ ತೋರ್ಸೋದು ಹೇಗೆ? ಮೇಲಿನ ಪಂಚಮ ಗಿಂಚಮ ಕನಸಲ್ಲೂ ಬರಲ್ಲ ನನಗೆ.

ಪಾಂಡೇಶ್ವರದ_ಟೀಚರ್, ಮಂಗಳೂರು

ಆರೂವರೆ ಯಾಕೆ ಬೇಕು ಮಾರಾಯ್ರೆ, ಆರಕ್ಕೆ ಇಟ್ಟು ನೋಡಿ ಮೊದಲು, ಅಲ್ಲೇ ಸಾಕಾಗ್ತದೆ. ಸರಳೆ, ಜಂಟಿ, ಏಳು ತಾಳದ ಪಾಠಗಳಾದ ಅಲಂಕಾರ ಎಲ್ಲ ಇರುವುದು ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ, ಅದರಿಂದ ಮೇಲೆ ನೀವು ಹೋಗಬೇಕಾಗಿಯೇ ಇಲ್ಲ. ತಾರ ಷಡ್ಜ ಒಂದು ಕಷ್ಟ ಆದರೆ ಅಲ್ಲಿ ಕೀಬೋರ್ಡ್ ಒತ್ತಿ, ಮಕ್ಕಳೇ ಹಿಡಿದುಕೊಳ್ತಾರೆ. ನನ್ನಲ್ಲಿ ಒಂದು ಹಳೆ ಕೀಬೋರ್ಡ್ ಉಂಟು, ಅದಕ್ಕೆ ಮಕ್ಕಳು ‘ಅಸಿಸ್ಟೆಂಟ್ ಟೀಚರ್’ ಅಂತ ಹೆಸರಿಟ್ಟಿದ್ದಾರೆ. ಗಮಕ (ಸ್ವರ ಅಲ್ಲಾಡಿಸಿ ಹಾಡುವುದು) ಇಲ್ಲದ ಪಾಠಕ್ಕೆ ಧಾರಾಳ ಆಯ್ತು. ಚಿಕ್ಕವರ ಬ್ಯಾಚ್ ಬೇರೆ ಮಾಡಿ, ದೊಡ್ಡವರದ್ದು ಬೇರೆ, ಒಂದೇ ಶ್ರುತಿಗೆ ಎಲ್ಲರನ್ನೂ ಕಟ್ಟಿಹಾಕಿದರೆ ಯಾರಿಗಾದರೂ ಒಬ್ಬರಿಗೆ ಅನ್ಯಾಯ ಆಗಿಯೇ ಆಗ್ತದೆ.

ತಾಳದ ಬಗ್ಗೆ ಯಾರೂ ಹೇಳಲಿಲ್ಲ, ಅದು ನನಗೆ ಶ್ರುತಿಗಿಂತ ದೊಡ್ಡ ವಿಷಯ ಅಂತ ಕಾಣ್ತದೆ. ಹೊಸ ಸ್ವರ ನೆನಪಿಟ್ಟುಕೊಳ್ಳಬೇಕು, ಶ್ರುತಿ ನೋಡಬೇಕು, ಅದರ ಮೇಲೆ ಕೈಯಲ್ಲಿ ತಾಳ ಹಾಕಬೇಕು, ಬೆರಳು ಎಣಿಸಬೇಕು, ಒಂದು ಪುಟ್ಟ ತಲೆಗೆ ಎಷ್ಟು ಕೆಲಸ ಹೇಳಿ! ಯಾವುದಾದರೂ ಒಂದು ಬಿಟ್ಟು ಹೋಗ್ತದೆ, ಆಗ ನಾವು ಗಮನ ಇಲ್ಲ ಅಂತ ಹೇಳ್ತೇವೆ. ನಾನು ಹೊಸ ಪಾಠಕ್ಕೆ ತಾಳ ನಾನೇ ಹಾಕ್ತೇನೆ, ಮಗು ಬರೀ ಹಾಡಲಿ. ಬಾಯಿಗೆ ಬಂದ ಮೇಲೆ ಉಲ್ಟಾ, ನಾನು ಹಾಡ್ತೇನೆ, ಮಗು ತಾಳ ಹಾಕಲಿ, ನಾನು ಬೇಕೆಂದೇ ಒಂದು ಕಡೆ ತಪ್ಪಿಸ್ತೇನೆ, ‘ಟೀಚರ್ ತಪ್ಪಿದ್ರು ಟೀಚರ್ ತಪ್ಪಿದ್ರು’ ಅಂತ ಅವರ ಖುಷಿ ನೋಡಬೇಕು ನೀವು. ಎರಡೂ ಸೇರಿಸುವುದು ಕೊನೆಗೆ.

ಅಲಂಕಾರ ಕೂಡ ಪುಸ್ತಕದಲ್ಲಿರುವ ಕ್ರಮದಲ್ಲಿಯೇ ಹೋಗಬೇಕು ಅಂತ ಏನೂ ಇಲ್ಲ. ಪುಸ್ತಕದಲ್ಲಿ ಮೊದಲು ಧ್ರುವ, ಹದಿನಾಲ್ಕು ಅಕ್ಷರ, ಲಘು ದ್ರುತ ಲಘು ಲಘು ಅಂತ ತಾಳದ ಭಾಗಗಳು, ದೊಡ್ಡವರೇ ಎಲ್ಲಿದ್ದೇವೆ ಅಂತ ಹುಡುಕ್ತಾರೆ ಅದರಲ್ಲಿ. ನಾನು ಕೊನೆಯ ಏಕತಾಳದಿಂದ ಶುರು ಮಾಡ್ತೇನೆ, ನಾಲ್ಕೇ ಅಕ್ಷರ, ಆಮೇಲೆ ರೂಪಕ ಆರು, ಆಮೇಲೆ ತ್ರಿಪುಟ ಏಳು, ಮಠ್ಯ ಝಂಪೆ ಹತ್ತು ಹತ್ತು, ಧ್ರುವ ಅಟ್ಟ ಕೊನೆಗೆ. ಏಳೂ ಹೇಗೂ ಕಲಿಯಲೇಬೇಕು, ಯಾವುದು ಮೊದಲು ಅಂತ ಯಾರೂ ಬಂದು ಕೇಳುವುದಿಲ್ಲ. ಮೊದಲನೇ ಅಲಂಕಾರವೇ ಎರಡು ವಾರದಲ್ಲಿ ಬಂದರೆ ಮಗುವಿನ ನಡಿಗೆಯೇ ಬೇರೆ ಆಗ್ತದೆ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಗೊತ್ತಾಗ್ತದೆ.

ಹಳೇತಂಬೂರಿ

ಪರಂಪರೆಯಿಂದ ಬಂದ ಕ್ರಮ ಬದಲಾಯಿಸೋದು ಅಷ್ಟು ಸುಲಭ ಅನ್ಕೋಬೇಡಿ. ಧ್ರುವ ಮೊದಲು ಬರೋದಕ್ಕೂ ಕಾರಣ ಇರುತ್ತೆ, ಅದೊಂದು ಗಟ್ಟಿಯಾದ್ರೆ ಉಳಿದವು ತಾನಾಗೇ ಬರ್ತವೆ. ಆದ್ರೆ ಟೀಚರು ಬೇಕಂತ ತಾಳ ತಪ್ಪೋದು ಚೆನ್ನಾಗಿದೆ, ಅದನ್ನ ಒಪ್ಪಿದೆ. ನಮ್ಮ ಮೇಷ್ಟ್ರು ಯಾವತ್ತೂ ತಪ್ಪಲಿಲ್ಲ, ತಪ್ಪಿದ್ರೂ ಹೇಳೋ ಧೈರ್ಯ ಯಾರಿಗಿತ್ತು.

ನಲವತ್ತಕ್ಕೆ_ಸರಿಗಮ, ಬೆಂಗಳೂರು

ಮಕ್ಕಳ ಬಗ್ಗೆ ಮಾತಾಡ್ತಿದೀರ, ಮಧ್ಯೆ ಬಾಯಿ ಹಾಕಿದ್ದಕ್ಕೆ ಸಾರಿ, ನಾನು ದೊಡ್ಡವನಾದ್ಮೇಲೆ ಕಲಿಯೋಕೆ ಶುರು ಮಾಡ್ದೋನು, ಸಾಫ್ಟ್‌ವೇರ್ ಕೆಲಸ, ಗಂಟಲಲ್ಲಿ ಸಂಗೀತ ಅಂತ ಇಲ್ಲವೇ ಇಲ್ಲ ಅನ್ಕೊಂಡಿದ್ದೆ. ಮೊದಲು ಸೇರಿದ ಕಡೆ ನನ್ನನ್ನ ಏಳೆಂಟು ವರ್ಷದ ಮಕ್ಕಳ ಸಾಲಲ್ಲಿ ಕೂರಿಸಿದ್ರು, ಆ ಮಕ್ಕಳು ಮೂರನೇ ಕಾಲ ಹೊಡೀತಿದ್ರೆ ನಾನು ಒಂದನೇ ಕಾಲದಲ್ಲಿ ಏದುಸಿರು ಬಿಡ್ತಿದ್ದೆ, ಮಗು ಒಂದು ‘ಅಂಕಲ್ ಹಾಗಲ್ಲ’ ಅಂತ ತಿದ್ದಿತ್ತು, ಎಲ್ರೂ ನಕ್ಕರು, ನಾನೂ ನಕ್ಕೆ, ಆಮೇಲೆ ಹೋಗಲಿಲ್ಲ ಅಷ್ಟೇ. ಯಾರ ತಪ್ಪೂ ಅಲ್ಲ ಅದು.

ಈಗಿರೋ ಟೀಚರ್ ಹತ್ರ ಬೇರೆ ಥರ. ಒಂದು, ಒಬ್ಬನಿಗೇ ಪಾಠ, ಬೆಳಿಗ್ಗೆ ಆರೂವರೆ, ಆಫೀಸಿಗೆ ಮುಂಚೆ. ಆಮೇಲೆ ಪಾಠದ ಮೊದಲ ಹತ್ತು ನಿಮಿಷ ನನ್ನನ್ನ ಒಬ್ಬನೇ ಹಾಡಿಸೋದೇ ಇಲ್ಲ, ಅವರ ಜೊತೆಗೇ ಅಕಾರ (‘ಆ’ ಅಂತ ಹಾಡೋದು), ಸುಮ್ನೆ ಷಡ್ಜ ಹಿಡಿಯೋದು, ಪಂಚಮ ಹಿಡಿಯೋದು, ಯಾವಾಗ ಅವರು ನಿಲ್ಲಿಸಿದ್ರು ಯಾವಾಗ ನಾನೊಬ್ನೇ ಹಾಡ್ತಿದೀನಿ ಅಂತಾನೇ ಗೊತ್ತಾಗಲ್ಲ. ಇದನ್ನ ಆ ಪಿಸುಗುಡೋ ಹುಡುಗಿಗೆ ಮಾಡಿ ನೋಡಿ ಮೇಡಂ. ಇನ್ನೊಂದು, ರಾಮನವಮಿ ಸೀಸನ್ನಲ್ಲಿ ಎಲ್ಲ ಶಿಷ್ಯರನ್ನೂ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿಗೆ ಕರ್ಕೊಂಡು ಹೋಗ್ತಾರೆ, 1939ರಿಂದ ನಡೀತಿರೋ ಉತ್ಸವ ಅದು, ದೊಡ್ಡ ದೊಡ್ಡ ವಿದ್ವಾಂಸರು ಬರ್ತಾರೆ. ಅಲ್ಲಿ ಕೂತು ನೋಡೋಕೆ ಹೇಳೋದು ಏನು ಗೊತ್ತಾ, ಅವರು ನೀರು ಕುಡಿಯೋದು, ಗಂಟಲು ಸರಿ ಮಾಡ್ಕೊಳ್ಳೋದು, ಮೃದಂಗದೋರು ಮಧ್ಯೆ ಮಧ್ಯೆ ಕಲ್ಲಲ್ಲಿ ಕುಟ್ಟಿ ಶ್ರುತಿ ಮಾಡ್ಕೊಳ್ಳೋದು, ಪಿಟೀಲಿನೋರು ಬಿರಡೆ ತಿರುಗ್ಸೋದು. ‘ನೋಡಿ, ಅಷ್ಟು ದೊಡ್ಡೋರೂ ಕಛೇರಿ ಪೂರ್ತಿ ಶ್ರುತಿ ಸರಿಮಾಡ್ಕೊಳ್ತಾನೇ ಇರ್ತಾರೆ, ಶ್ರುತಿ ಜಾರೋದು ಅವಮಾನ ಏನಲ್ಲ’ ಅಂತ. ಅಲ್ಲಿಂದ ಬಂದ್ಮೇಲೆ ಪಾಠದಲ್ಲಿ ನಾನೇ ನಿಲ್ಲಿಸಿ ‘ಒಂದ್ನಿಮಿಷ ಶ್ರುತಿ ಕೇಳ್ಕೋತೀನಿ’ ಅನ್ನೋಕೆ ಶುರು ಮಾಡ್ದೆ.

ಎರಡು_ಮಕ್ಕಳ_ಅಪ್ಪ, ಹಾಸನ

ಎಂಟನೇ ಕ್ಲಾಸ್ ಹುಡುಗನ ವಿಷ್ಯಕ್ಕೆ ಬರ್ತೀನಿ, ನಮ್ಮ ದೊಡ್ಡ ಮಗಂದೂ ಇದೇ ಕತೆ. ಧ್ವನಿ ಒಡೆಯೋ ಟೈಮಲ್ಲಿ ಆಗಿನ ಟೀಚರು ಹಳೇ ಐದು ಶ್ರುತಿಯಲ್ಲೇ ಹಾಡಿಸ್ತಿದ್ರು, ಇವನು ಕಿರುಚೋದು, ಪಕ್ಕದಲ್ಲಿ ತಂಗಿ ಕಿಸಕ್ ಅನ್ನೋದು, ಕೊನೆಗೆ ಪಾಠದ ದಿನ ಹೊಟ್ಟೆನೋವು ಶುರುವಾಯ್ತು. ಬಿಡಿಸೇ ಬಿಡೋಣ ಅನ್ಕೊಂಡ್ವಿ.

ಆಮೇಲೆ ಸಿಕ್ಕಿದ ಟೀಚರು ಅವನಿಗೆ ಮೊದಲ ದಿನವೇ ನೇರವಾಗಿ ಹೇಳಿದ್ರು, ನಿನ್ನ ಗಂಟಲು ಬೆಳೀತಿದೆ, ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ವರ್ಷದ ಮೇಲೆ, ಆಮೇಲೆ ಒಂದೋ ಎರಡೋ ಶ್ರುತಿಗೆ ಬಂದು ನಿಲ್ಲುತ್ತೆ, ಅಲ್ಲಿವರೆಗೆ ತಾರ ಸ್ಥಾಯಿ ಮುಟ್ಟೋದೇ ಬೇಡ ಅಂತ. ಪ್ರತಿ ಪಾಠದ ಶುರುಗೆ ‘ಇವತ್ತು ನಿಂಗೆ ಎಲ್ಲಿ ಆರಾಮಾಗಿದೆ’ ಅಂತ ಕೇಳಿ ಶ್ರುತಿ ಇಡೋರು, ಒಂದು ವಾರ ಎರಡೂವರೆ, ಇನ್ನೊಂದು ವಾರ ಎರಡು, ಆ ಆ್ಯಪ್ ತಿರುಗ್ಸೋ ಕೆಲಸ ಅವನದೇ. ಸ ದಿಂದ ಪ ವರೆಗೆ ಮಾತ್ರ ಹಾಡೋದು, ಉಳಿದ ಟೈಮಲ್ಲಿ ತಕಿಟ ತಕದಿಮಿ ಅಂತ ತಾಳದ ಸೊಲ್ಲು ಬಾಯಲ್ಲೇ ಹೇಳೋ ಕೊನ್ನಕ್ಕೋಲ್, ಹಾಡು ಕೇಳಿ ಸ್ವರ ಬರೆಯೋದು, ರಾಗ ಕಂಡುಹಿಡಿಯೋದು. ಗಂಟಲಿಗೆ ರಜ, ಸಂಗೀತಕ್ಕೆ ರಜ ಇಲ್ಲ. ಜೂನಿಯರ್ ಪರೀಕ್ಷೆ ಮುಂದಿನ ವರ್ಷಕ್ಕೆ ಹಾಕಿದ್ವಿ, ಆಕಾಶ ಏನೂ ಕಳಚಿ ಬೀಳಲಿಲ್ಲ. ಆ ಹುಡುಗನ ಅಪ್ಪನಿಗೆ ನೀವೇ ಕರೆದು ಹೇಳಿ ಮೇಡಂ, ಅಪ್ಪಂದಿರಿಗೆ ಇದು ಹೊಳೆಯೋದೇ ಇಲ್ಲ, ನಮಗೆಲ್ಲ ಕಾಣೋದು ಮೊಬೈಲ್ ಒಂದೇ.

ಕನ್ನಡಕೂಟ_ಟೀಚರ್, ನ್ಯೂಜೆರ್ಸಿ

ಎಲ್ಲ ಓದ್ದೆ, ತುಂಬ ಒಳ್ಳೆ ಥ್ರೆಡ್. ಆನ್‌ಲೈನ್ ಪಾಠ ಮಾಡೋರಿಗೂ ಒಂದೆರಡು ಮಾತು. ವಿಡಿಯೋ ಕಾಲಲ್ಲಿ ಜೊತೆಗೆ ಹಾಡೋಕೇ ಆಗಲ್ಲ, ಧ್ವನಿ ತಡವಾಗಿ ತಲುಪುತ್ತೆ, ಹಾಗಾಗಿ ಮಗು ಯಾವಾಗ್ಲೂ ಒಂಟಿಯಾಗೇ ಹಾಡ್ಬೇಕು. ಮೇಲೆ ಬೆಂಗಳೂರಿನವರು ಹೇಳಿದ ಹಾಗೆ ಜೊತೆಯಲ್ಲಿ ಹಾಡ್ತಾ ಮೆಲ್ಲಗೆ ಬಿಟ್ಟುಬಿಡೋ ಉಪಾಯ ಇಲ್ಲಿ ನಡೆಯಲ್ಲ. ನಾನು ಪಾಠನ ಮೊದಲೇ ರೆಕಾರ್ಡ್ ಮಾಡಿ ಕಳಿಸ್ತೀನಿ, ಮಗು ತನ್ನ ಕಡೆ ಅದನ್ನ ಹಾಕ್ಕೊಂಡು ನನ್ನ ಧ್ವನಿ ಜೊತೆ ಹಾಡುತ್ತೆ, ನಾನು ಮ್ಯೂಟಲ್ಲಿ ಕೇಳಿಸ್ಕೊಳ್ತೀನಿ. ತಂಬೂರಿ ಮಗುವಿನ ಕಡೆಯೇ ಇರ್ಬೇಕು. ನಾವು ಇಲ್ಲಿಂದ ಹಾಕಿದ್ರೆ ಆ್ಯಪು ಅದನ್ನ ಫ್ಯಾನ್ ಸದ್ದು ಅನ್ಕೊಂಡು ಅಳಿಸಿಹಾಕುತ್ತೆ, ಝೂಮಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿದ್ರೆ ಪರವಾಗಿಲ್ಲ. ಅದೇ ಸೆಟ್ಟಿಂಗ್ ಮಗುವಿನ ಕಡೆ ಆಫ್ ಇದ್ರೆ ಉದ್ದಕ್ಕೆ ಹಿಡಿದ ಷಡ್ಜ ಅರ್ಧದಲ್ಲೇ ಕಟ್ ಆಗುತ್ತೆ, ನಾವು ಉಸಿರು ಸಾಲ್ತಿಲ್ಲ ಅಂತೀವಿ, ಪಾಪ ಅದು ಹಿಡಿದೇ ಇರುತ್ತೆ.

ಇಲ್ಲಿ ಹುಟ್ಟಿದ ಮಕ್ಕಳಿಗೆ ಸಾಹಿತ್ಯದ ಉಚ್ಚಾರದ್ದೇ ದೊಡ್ಡ ನಾಚಿಕೆ. ಳ ಣ ಬರಲ್ಲ, ಊರಿಂದ ಅಜ್ಜಿ ವಿಡಿಯೋ ನೋಡಿ ನಗ್ತಾರೆ. ದೇವರನಾಮ ಶುರು ಮಾಡೋ ಮುಂಚೆ ನಾನು ಪದಗಳನ್ನ ರಾಗ ಇಲ್ಲದೆ ಬರೀ ಮಾತಿನ ಹಾಗೆ ಹೇಳಿಸ್ತೀನಿ, ಅರ್ಥ ಹೇಳ್ತೀನಿ, ನಾಲಿಗೆ ಹೊರಳಿದ ಮೇಲೇ ರಾಗ. ಮತ್ತೆ ನಮ್ಮ ಕೂಟದಲ್ಲಿ ಪುರಂದರದಾಸರ ಆರಾಧನೆ ದಿನ ಎಲ್ರೂ ಒಟ್ಟಿಗೆ ಗೋಷ್ಠಿ ಗಾಯನ ಮಾಡ್ತೀವಿ, ಸ್ಟೇಜ್ ಹೆದರಿಕೆ ಇರೋ ಮಕ್ಕಳಿಗೆ ಮೊದಲನೇ ವೇದಿಕೆ ಅದೇ, ಹಿಂದಿನ ಸಾಲಲ್ಲಿ ಕೂತು ಬಾಯಿ ಅಲ್ಲಾಡಿಸಿದ್ರೂ ಯಾರೂ ಕೇಳಲ್ಲ, ಎರಡನೇ ವರ್ಷಕ್ಕೆ ತಾವಾಗೇ ಮುಂದಿನ ಸಾಲಿಗೆ ಬರ್ತಾರೆ.

ಸರಳೆ_ಜಂಟಿ, ಮೈಸೂರು

ಸ್ವಲ್ಪ ಅಪ್‌ಡೇಟ್. ಚಿಕ್ಕವರಿಗೆ ಶ್ರುತಿ ಆರು ಮಾಡಿದೆ. ಹುಡುಗಿ ಷಡ್ಜ ಹಿಡಿದ ತಕ್ಷಣ ನನ್ನ ಮುಖ ನೋಡಿದ್ಲು, ತಾನೇ ಬೆಚ್ಚಿಬಿದ್ದ ಹಾಗೆ. ಅಡುಗೆಮನೆ ಧ್ವನಿ ಪೂರ್ತಿ ಇನ್ನೂ ಬಂದಿಲ್ಲ, ಅವರಮ್ಮ ಇನ್ನೂ ಸೋಫಾ ಮೇಲೇ ಇದಾರೆ, ಅವಳು ಹಾಡೋವಾಗ ಅವರ ತುಟಿನೂ ಅಲ್ಲಾಡ್ತಿರುತ್ತೆ, ಅವಳು ಅದನ್ನೇ ನೋಡ್ತಿರ್ತಾಳೆ. ಅವರಿಗೆ ಹೊರಗೆ ಕೂತ್ಕೊಳ್ಳಿ ಅಂತ ಹೇಗೆ ಹೇಳೋದು? ಬೇಜಾರಾಗಿ ಬಿಡಿಸಿಬಿಟ್ರೆ? ಇನ್ನೊಂದು, ನಮ್ಮ ಪಾಠದ ವಾಟ್ಸಾಪ್ ಗ್ರೂಪಲ್ಲಿ ಎಲ್ರೂ ತಂತಮ್ಮ ಮಕ್ಕಳ ರೆಕಾರ್ಡಿಂಗ್ ಹಾಕ್ತಾರೆ, ಅದು ಪ್ರೋತ್ಸಾಹ ಅಂತ ನಾನೇ ಹೇಳಿದ್ದು. ಅದೂ ನಿಲ್ಲಿಸ್ಬೇಕಾ?

ವೀಣೆಮನೆ, ಶಿವಮೊಗ್ಗ

ಗ್ರೂಪಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಅಂತಲೇ ನನ್ನ ಅಭಿಪ್ರಾಯ. ಒಬ್ಬರಿಗೆ ಹದಿನೈದು ಹಾರ್ಟು, ಇನ್ನೊಬ್ಬರಿಗೆ ಎರಡು, ಮಕ್ಕಳು ಅದನ್ನ ಎಣಿಸ್ತಾರೆ, ಅಮ್ಮಂದಿರು ಇನ್ನೂ ಜಾಸ್ತಿ ಎಣಿಸ್ತಾರೆ. ರೆಕಾರ್ಡಿಂಗ್ ನಿಮಗೊಬ್ಬರಿಗೇ ಕಳಿಸ್ಲಿ. ನೀವೂ ಉತ್ತರ ಟೈಪ್ ಮಾಡ್ಬೇಡಿ, ಹಾಡೇ ಕಳಿಸಿ, ಆ ಒಂದು ಸಾಲು ಸರಿಯಾಗಿ ಹಾಡಿ ವಾಯ್ಸ್ ಮೆಸೇಜ್. ಗ್ರೂಪಲ್ಲಿ ರಜ, ಫೀಸು, ಟೈಮ್ ಚೇಂಜ್ ಅಷ್ಟಿರ್ಲಿ. ಫೀಸಿನ ಮಾತು ಮಾತ್ರ ಯಾವತ್ತೂ ಮಗು ಬಾಯಲ್ಲಿ ಹೇಳಿ ಕಳಿಸ್ಬೇಡಿ, ‘ಅಮ್ಮಂಗೆ ಹೇಳು ಎರಡು ತಿಂಗಳದ್ದು ಬಾಕಿ ಇದೆ’ ಅಂತ ಕೇಳಿದ ದಿನ ಯಾವ ಮಗೂ ಗಟ್ಟಿಯಾಗಿ ಹಾಡಲ್ಲ.

ಸೋಫಾದ ಅಮ್ಮನಿಗೆ ಒಬ್ಬರಿಗೇ ಹೇಳಕ್ಕೆ ಹೋಗ್ಬೇಡಿ, ಬೇಜಾರಾಗೇ ಆಗುತ್ತೆ. ಎಲ್ರಿಗೂ ಒಂದೇ ನಿಯಮ ಅಂತ ಮಾಡಿ, ಮುಂದಿನ ತಿಂಗಳಿಂದ ಪಾಠದ ಹೊತ್ತಲ್ಲಿ ಹೊರಗಿನ ವರಾಂಡ, ಕೊನೆ ಐದು ನಿಮಿಷ ಒಳಗೆ ಬನ್ನಿ ಅಂತ. ಆ ಐದು ನಿಮಿಷದಲ್ಲಿ ಮಗು ಆ ದಿನ ಚೆನ್ನಾಗಿ ಬಂದಿದ್ದನ್ನ ಹಾಡಿ ತೋರಿಸ್ಲಿ, ಹೊಸ ಪಾಠ ಅಲ್ಲ, ಗಟ್ಟಿಯಾಗಿರೋದು. ಫೋನ್ ಎತ್ತಿ ವಿಡಿಯೋ ಮಾಡೋದಾದ್ರೆ ಆವಾಗ್ಲೇ ಮಾಡ್ಕೊಳ್ಳಲಿ, ಅದೂ ಮಗು ಹೂಂ ಅಂದ್ರೆ. ಅಮ್ಮನಿಗೂ ಒಂದು ಕೆಲಸ ಕೊಡಿ, ಮನೇಲಿ ಶ್ರುತಿ ಆರಕ್ಕೆ ಇಡೋದು ನಿಮ್ಮ ಜವಾಬ್ದಾರಿ ಅಂತ. ಕೆಲಸ ಇದ್ರೆ ತುಟಿ ಅಲ್ಲಾಡಿಸೋದು ಕಮ್ಮಿ ಆಗುತ್ತೆ.

ಪೆಟ್ಟಿಗೆ_ಮಾಸ್ತರ, ಧಾರವಾಡ

ಐದು ನಿಮಿಷದ್ದು ಛಲೋ ಐತ್ರಿ, ನಾನೂ ಶುರು ಮಾಡತೀನಿ. ಅಕ್ಕಾರ, ಆ ಹುಡುಗಗ ಹೇಳಿದ್ರಿಲ್ಲೋ?

ಸರಳೆ_ಜಂಟಿ, ಮೈಸೂರು

ಹೇಳ್ದೆ ಸರ್. ‘ನಿನ್ನ ಧ್ವನಿ ಬದಲಾಗ್ತಿದೆ ಕಣೋ, ಎಲ್ಲ ಹುಡುಗ್ರಿಗೂ ಆಗುತ್ತೆ’ ಅಂದೆ, ‘ಗೊತ್ತು ಮಿಸ್, ಸೈನ್ಸಲ್ಲಿ ಬಂದಿದೆ’ ಅಂದ. ಎರಡಕ್ಕೆ ಶ್ರುತಿ ಇಟ್ಟೆ, ಕೆಮ್ಮಲಿಲ್ಲ. ಅವರಪ್ಪನ ಹತ್ರ ಈ ಶನಿವಾರ ಮಾತಾಡ್ತೀನಿ. ಕೊನ್ನಕ್ಕೋಲ್ ನನಗೇ ಅಷ್ಟಾಗಿ ಬರಲ್ಲ, ಇಲ್ಲಿ ಮೃದಂಗ ಹೇಳ್ಕೊಡೋರೊಬ್ರು ಪಕ್ಕದ ಬೀದೀಲೇ ಇದಾರೆ, ವಾರಕ್ಕೊಂದು ದಿನ ಅಲ್ಲಿಗೆ ಕಳಿಸೋಣ ಅಂತ ಯೋಚನೆ.

ಹಳೇತಂಬೂರಿ

ಕಳಿಸಿ ಕಳಿಸಿ. ಲಯ ಕೂತ್ರೆ ಧ್ವನಿ ಬಂದಾಗ ಬರಲಿ. ಮತ್ತೆ ನಿಮಗೊಂದು ಮಾತು, ಚಿಕ್ಕವರಿಗೋಸ್ಕರ ದಿನಾ ಆರರಲ್ಲಿ ಹಾಡಿ ಹಾಡಿ ನಿಮ್ಮ ಗಂಟಲು ಕೆಡಿಸ್ಕೋಬೇಡಿ. ಚಿಕ್ಕವರ ಬ್ಯಾಚು ಮೊದಲು ಮುಗಿಸ್ಬೇಡಿ, ದೊಡ್ಡವರನ್ನ ಮೊದಲು ಕೂರಿಸಿ, ಗಂಟಲು ಬಿಸಿಯಾದ್ಮೇಲೆ ಎತ್ತರದ ಶ್ರುತಿಗೆ ಹೋಗಿ. ಚಿಕ್ಕವರ ಅಪ್ಪ ಅಮ್ಮಂದಿರು ಹೋಮ್‌ವರ್ಕ್ ಅದೂ ಇದೂ ಅಂತ ಟೈಮಿಗೆ ಗಲಾಟೆ ಮಾಡ್ತಾರೆ, ಮಾಡ್ಲಿ ಬಿಡಿ.